ಮೂವರೋ ಇಬ್ಬರೋ

ನಮ್ಮ ದಾದಾ ತಮ್ಮ ಜೀವಮಾನದಲ್ಲಿ ಹಾಡಿದ್ದು ಒಂದೇ ಹಾಡು. ತಂದೆಯ ತಂದೆಯನ್ನು ನಮ್ಮ ಮನೆಯಲ್ಲಿ ದಾದಾ ಎನ್ನುತ್ತೇವೆ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಅವರ ಗ್ಯಾರೇಜು ಇತ್ತು. ಮನೆಯಲ್ಲಿ ನಾವು ಆಡುವುದು ಉರ್ದು, ಆದರೆ ಆ ಹಾಡು ಕನ್ನಡದ್ದು. ಲಾರಿಯ ಕೆಳಗೆ ಅಂಗಾತ ಮಲಗಿ ನಟ್ಟು ಬಿಗಿಯುವಾಗ, ಸಂಜೆ ಸೀಮೆಎಣ್ಣೆಯಲ್ಲಿ ಕೈ ತೊಳೆಯುವಾಗ, ಅದು ತಾನಾಗಿಯೇ ಅವರ ಬಾಯಿಗೆ ಬರುತ್ತಿತ್ತು.

ಎಡಗಾಲ ಇಡೋ ಬಲಗಾಲ ಇಡೋ
ಎದಿಯಾಗ ಊರ ಇಡೋ
ಬಳ್ಳಾರಿ ದಾಟಿ ಕೂಡ್ಲಿಗಿ ದಾಟಿ
ಬಯಲಾಗ ಹೆಜ್ಜಿ ಇಡೋ

ಹೀಗೆ ಶುರುವಾಗಿ, ಒಂದೊಂದು ಚರಣಕ್ಕೂ ಒಂದೊಂದು ಊರನ್ನು ಹಿಂದೆ ಹಾಕುತ್ತ, ಕೊನೆಗೆ ದನಿ ಸಣ್ಣದಾಗಿ ಹೀಗೆ ಮುಗಿಯುತ್ತಿತ್ತು:

ಅಗಸಿಯ ಬಾಗಲ ತೆಗಿಯೇ ಹಡದವ್ವ
ಬಂದೇವಿ ನಾವು ಮೂವರು

ಅದು ದಂಡಿನ ಹಾಡು. ಎರಡನೇ ಮಹಾಯುದ್ಧದ ಕಾಲಕ್ಕೆ ನಮ್ಮ ಕಡೆಯಿಂದ ಮೂರು ಜನ ಹುಡುಗರು ಒಟ್ಟಿಗೆ ಸೈನ್ಯ ಸೇರಿದ್ದರು. ಒಬ್ಬರು ನಮ್ಮ ದಾದಾ, ಇನ್ನೊಬ್ಬರು ಹೊಳಲಿನವರು, ಮತ್ತೊಬ್ಬರು ಇಟ್ಟಿಗಿಯವರು. ಮೂವರನ್ನೂ ಸಾಮಾನು ಸಾಗಿಸುವ ಲಾರಿಗಳ ತುಕಡಿಗೆ ಹಾಕಿ ಬರ್ಮಾಕ್ಕೆ ಕಳಿಸಿದರು. ಜಪಾನಿನವರು ಮೇಲೆ ಬಿದ್ದಾಗ ಸೈನ್ಯ ಹಿಂದೆ ಸರಿಯಿತು. ತಾವು ದಿನಾ ಒರೆಸಿ ಇಡುತ್ತಿದ್ದ ಲಾರಿಗಳಿಗೆ ತಾವೇ ಬೆಂಕಿ ಹಚ್ಚಿ, ಕಾಡುಬೆಟ್ಟಗಳನ್ನು ಹತ್ತಿ ಇಳಿದು ಅಸ್ಸಾಮಿನ ಕಡೆಗೆ ನಡೆದರು. ತುಕಡಿಯಲ್ಲಿ ಉಳಿದವರೆಲ್ಲ ತಮಿಳರು, ತೆಲುಗರು. ಈ ಮೂವರಿಗೆ ಮಾತ್ರ ಕನ್ನಡ. ಇಟ್ಟಿಗಿಯವರು ಊರಲ್ಲಿ ಭಜನೆ ಹೇಳುತ್ತಿದ್ದವರು. ನಡೆಯುವ ಕಾಲು ಸೋಲಬಾರದೆಂದು ಆ ಹಾಡನ್ನು ಅವರು ದಾರಿಯಲ್ಲೇ ಕಟ್ಟಿದರು. ಬರ್ಮಾದ ಒಂದು ಬೆಟ್ಟ ದಾಟಿದರೆ ಕೂಡ್ಲಿಗಿ ದಾಟಿದೆವು ಎಂದು ಲೆಕ್ಕ. ಹೊಳೆ ದಾಟಿದರೆ ಹಗರಿ ಹಳ್ಳ ದಾಟಿದ ಲೆಕ್ಕ.

ಕಥೆಯನ್ನು ದಾದಾ ಇಲ್ಲಿಯವರೆಗೆ ಮಾತ್ರ ಹೇಳುತ್ತಿದ್ದರು. ಹಾಡಿನ ಮಾತು ಬಂದರೆ ಉರ್ದು ಬಿಟ್ಟು ಕನ್ನಡಕ್ಕೆ ಹೊರಳುತ್ತಿದ್ದರು. "ಆಮ್ಯಾಲೆ ಏನಾತು?" ಎಂದು ಕೇಳಿದರೆ, "ಆಮ್ಯಾಲೇನೈತಿ ಬೇಟಿ, ಬಂದ್ವಿ" ಎಂದು ಎದ್ದುಬಿಡುತ್ತಿದ್ದರು.

ಹಾಡು ಮಾತ್ರ ಗ್ಯಾರೇಜಿನಲ್ಲಿ ನಿಲ್ಲಲಿಲ್ಲ. ರಿಪೇರಿಗೆ ಬಂದ ಲಾರಿ ಡ್ರೈವರುಗಳು ಕಲಿತರು. ಡ್ರಿಲ್ ಮಾಸ್ತರುಗಳು ಶಾಲೆಗಳಿಗೆ ಒಯ್ದರು. ನಾನು ಹುಡುಗಿಯಾಗಿದ್ದಾಗ ಕೊಟ್ಟೂರಿನ ಶಾಲೆಯ ಮೈದಾನದಲ್ಲಿ ಅದಕ್ಕೇ ಹೆಜ್ಜೆ ಹಾಕಿದವಳು. ಇದು ನಮ್ಮ ದಾದಾನ ಹಾಡು ಎಂದರೆ ಯಾರೂ ನಂಬುತ್ತಿರಲಿಲ್ಲ. ಹಾಡು ಎಲ್ಲರದ್ದಾಗಿತ್ತು.

ತೊಂಬತ್ತೊಂಬತ್ತರಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ದಿನಾ ಬೆಳಿಗ್ಗೆ ಕೊಟ್ಟೂರಿನಿಂದ ಬಸ್ಸು. ಆ ಬೇಸಿಗೆಯಲ್ಲಿ ಉತ್ತರದ ಹಿಮದ ಬೆಟ್ಟಗಳಲ್ಲಿ ಯುದ್ಧ ನಡೆದಿತ್ತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ಮುಂದಿಟ್ಟುಕೊಂಡ ಜನ ತಿನ್ನುವುದನ್ನು ಬಿಟ್ಟು ಟಿವಿ ನೋಡುತ್ತಿದ್ದರು. ಬಾವುಟ ಹೊದಿಸಿದ ಪೆಟ್ಟಿಗೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಶಾಲೆ ಶುರುವಾದ ಮೇಲೆ ನಮ್ಮ ಹೆಡ್ಮಾಸ್ತರು ಈ ಸಲದ ಸ್ವಾತಂತ್ರ್ಯ ದಿನಕ್ಕೆ ಮಕ್ಕಳು ನಮ್ಮ ಕಡೆಯ ದಂಡಿನ ಹಾಡನ್ನೇ ಹಾಡಬೇಕೆಂದು ತೀರ್ಮಾನಿಸಿದರು.

ಮೊದಲ ದಿನದ ಅಭ್ಯಾಸದಲ್ಲೇ ಜಗಳ ಬಂತು. ಕೊನೆಯ ಸಾಲಿಗೆ ಬಂದಾಗ ಕೊಟ್ಟೂರಿನ ಕಡೆಯ ಮಕ್ಕಳು "ಮೂವರು" ಎಂದರು. ಹಡಗಲಿಯ ಕಡೆಯಿಂದ ಬರುವ ಮಕ್ಕಳು "ಇಬ್ಬರು" ಎಂದರು. ಎರಡೂ ಒಂದೇ ತೂಕದ ಪದ, ಹೆಜ್ಜೆ ತಪ್ಪುವುದಿಲ್ಲ. ಆದರೆ ಎರಡೂ ಕೂಡಿ ಕೇಳಿದರೆ ಬರೀ ಗದ್ದಲ. ಡ್ರಿಲ್ ಮಾಸ್ತರು ಹರಪನಹಳ್ಳಿಯವರು, ಅವರದ್ದು ಮೂರನೆಯದು.

"ನಮ್ಮೂರಾಗೆ 'ಬಂದೇವಿ ನಾವು ಗೆದ್ದವರು' ಅಂತಾರೆ. ಅದೇ ಸರಿ ನೋಡ್ರಿ. ದಂಡಿಗೆ ಹೋದೋರು ಗೆದ್ದು ಬಂದ್ವಿ ಅನ್ನದು ಬಿಟ್ಟು ತಲೆ ಎಣಿಸ್ಕಂತ ಕೂರ್ತಾರಾ?" ಎಂದರು ಸ್ಟಾಫ್ ರೂಮಿನಲ್ಲಿ.

ಹೆಡ್ಮಾಸ್ತರಿಗೆ ಅದು ಹಿಡಿಸಿತು. ಆದರೂ ನನ್ನ ಮುಖ ನೋಡಿ, "ಮೇಡಂ, ಇದು ನಿಮ್ಮ ಮನಿ ಹಾಡು ಅಂತೀರಿ. ಖರೇ ಯಾವುದು ಅಂತ ನಿಮ್ಮ ಅಜ್ಜಾರನ್ನ ಕೇಳ್ಕೊಂಡು ಬರ್ರಿ" ಎಂದರು.

ಅಂದು ಸಂಜೆ ಕೇಳಿದೆ. ದಾದಾ ರೊಟ್ಟಿ ಮುರಿಯುತ್ತಿದ್ದರು.

"ಮೂವರು. ಕಟ್ಟಿದಾತ ಹಂಗ ಕಟ್ಯಾನ. ಅದನ್ನ ಬದಲ್ ಮಾಡಾಕ ನಾವ್ಯಾರು?"

"ಹಡಗಲಿ ಕಡೆಯವರು ಇಬ್ಬರು ಅಂತಾರಲ್ಲ, ದಾದಾ?"

ಅವರು ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದು ಹೋದರು. ಅವರು ಊಟ ಬಿಟ್ಟು ಎದ್ದಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಮ್ಮಿ ತಟ್ಟೆ ತೆಗೆಯುತ್ತ ಮೆಲ್ಲಗೆ ಹೇಳಿದಳು: ಹಡಗಲಿ ಕಡೆಯ ಹೊಳಲಿನಲ್ಲಿ ಅವರ ದಂಡಿನ ಗೆಳೆಯ ಇನ್ನೂ ಇದ್ದಾರೆ, ಇಬ್ಬರಿಗೂ ಮಾತಿಲ್ಲ, ನಿನ್ನ ಅಪ್ಪ ಹುಟ್ಟುವುದಕ್ಕೂ ಮುಂಚಿನಿಂದ ಮಾತಿಲ್ಲ.

ಮುಂದಿನ ಭಾನುವಾರ ಹೊಳಲಿಗೆ ಹೋದೆ. ಆ ಮುದುಕರು ಮನೆಯ ಮುಂದೆ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಕೂತು ಬೀಜಕ್ಕೆ ಶೇಂಗಾ ಸುಲಿಯುತ್ತಿದ್ದರು. ಎಡಗಾಲಿಗೆ ಬೆರಳುಗಳಿರಲಿಲ್ಲ. ಯಾರ ಮೊಮ್ಮಗಳೆಂದು ಹೇಳಿದ ಮೇಲೆ ಬಹಳ ಹೊತ್ತು ಸುಲಿಯುತ್ತಲೇ ಇದ್ದರು. ಬಂದ ಕಾರಣ ಹೇಳಿದೆ.

"ನಿಮ್ಮಜ್ಜ ಏನಂದ?"

"ಮೂವರು ಅಂತಾರ್ರಿ ಅಜ್ಜಾರ."

"ಮೂವರು ಎಲ್ಲಿ ಬಂದ್ವಿ ಯವ್ವಾ? ಹೋದವರು ಮೂವರು, ಬಂದವರು ಇಬ್ಬರು. ಇಟ್ಟಿಗಿಯಾತಗ ಬೆಟ್ಟದ ಮ್ಯಾಲ ಜ್ವರ ಹತ್ತಿತು, ಸತ್ತ. ನಾನೂ ನಿಮ್ಮಜ್ಜನೂ ಕೂಡಿ ಮಣ್ಣು ಮಾಡೀವಿ. ಸಲಿಕಿ ಇರಲಿಲ್ಲ, ಊಟದ ತಾಟಿಲೆ ನೆಲ ತೋಡೀವಿ. ಈ ಕೈಲೆ."

ಅವರು ಕೈ ಮುಂದೆ ಚಾಚಿದರು, ನಾನು ಅದರಲ್ಲಿ ಏನೋ ನೋಡಬೇಕು ಎಂಬಂತೆ.

ಆಮೇಲೆ ಉಳಿದದ್ದನ್ನು ಹೇಳಿದರು. ಯುದ್ಧ ಮುಗಿದು ದಾದಾ ಮೊದಲು ಊರಿಗೆ ಬಂದರು. ಇವರು ಕಾಲಿನ ಗಾಯಕ್ಕೆ ಆಸ್ಪತ್ರೆಯಲ್ಲೇ ಉಳಿದಿದ್ದರು. ಇಟ್ಟಿಗಿಯ ಮನೆಗೆ ಸರ್ಕಾರದಿಂದ ಮಗ ಕಾಣೆಯಾಗಿದ್ದಾನೆ ಎಂದಷ್ಟೇ ತಿಳಿಸಿದ್ದರು. ಸತ್ತ ಸುದ್ದಿಯನ್ನು ದಾದಾ ಹೇಳಬೇಕಿತ್ತು. ಇವರು ಊರಿಗೆ ಬಂದು, ಕೋಲು ಊರಿಕೊಂಡು ಇಟ್ಟಿಗಿಗೆ ಹೋದಾಗ, ಸತ್ತವನ ತಾಯಿ ಬಾಗಿಲಲ್ಲಿ ಕೂತು ಮಗನ ದಾರಿ ಕಾಯುತ್ತಿದ್ದಳು. ಸಾಬ ಬಂದಿದ್ದ, ಮಗ ಕಟ್ಟಿದ ಹಾಡು ಹಾಡಿದ, ಮೂವರು ಬಂದೇವಿ ಅಂದ, ನನ್ನ ಮಗ ಹಿಂದಿನಿಂದ ಬರುತ್ತಾನೆ ಎಂದಳು.

"ನಾ ಖರೇ ಹೇಳಿದೆ. 'ನನ್ನ ಮಗನ್ನ ಬಾಯಿಲೆ ಕೊಲ್ಲತೀಯೇನೋ' ಅಂತ ಆ ಮುದುಕಿ ನನ್ನ ಮಾರಿಗೆ ಮಣ್ಣು ತೂರಿದಳು. ಊರ ಹಿರೇರು ಇಬ್ಬರನ್ನೂ ಕರಸಿ ಕೇಳಿದರು. ನಿಮ್ಮಜ್ಜ ಅವರ ಮುಂದ ನಿಂತು ಏನಂದ ಗೊತ್ತೇನು? 'ನಾ ಸತ್ತದ್ದು ನೋಡಿಲ್ಲ' ಅಂದ. ನನ್ನ ಜೋಡಿ ಕುಣಿ ತೋಡಿದಾಂವ ನೋಡಿಲ್ಲ ಅಂದ. ಅವತ್ತಿನಿಂದ ನಾನು ಕೂಲಿಗೆ ಹೋದಲ್ಲಿ, ಕಣದಾಗ, ಎಲ್ಲಾ ಕಡಿ ಇಬ್ಬರು ಅಂತ ಹಾಡೀನಿ. ನಾಕು ಮಂದಿ ಬಾಯಾಗ ಬಿದ್ದರ ಆ ಮನಿಗೆ ಮುಟ್ಟತೈತಿ ಅಂತ."

ಹೊರಡುವಾಗ ಅವರು ಕರೆದು ಹೇಳಿದರು: "ಇಟ್ಟಿಗಿಯಾತನ ಹೇಣ್ತಿ ಇನ್ನೂ ಅದಾಳ. ನನ್ನ ಕೇಳಿದ್ದು ಸಾಕು. ಆಕಿನ್ನ ಕೇಳು."

ಹಿಂದಿರುಗುವ ಬಸ್ಸಿನಲ್ಲಿ ದಾದಾನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಲಾರಿಯ ಕೆಳಗಿನಿಂದ ಬರುತ್ತಿದ್ದ ಆ ದನಿ ಮಾತ್ರ ಕಿವಿಯಲ್ಲಿತ್ತು. ಕೊನೆಯ ಪದಕ್ಕೆ ಬಂದಾಗ ಅದು ಯಾಕೆ ಅಷ್ಟು ಸಣ್ಣದಾಗುತ್ತಿತ್ತು ಎನ್ನುವುದು ಈಗ ತಿಳಿದಿತ್ತು.

ಇಟ್ಟಿಗಿಗೆ ಹೋಗಲು ಎರಡು ವಾರ ಧೈರ್ಯ ಸಾಲಲಿಲ್ಲ. ಹೋದ ದಿನ ಸತ್ತವನ ಹೆಂಡತಿ, ಆ ಹಿರಿಯ ತಾಯಿ, ಮೈದುನನ ಮಗನ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಎತ್ತರದ, ಒಣಕಲು ಮೈ. ಹಣೆಗೆ ಕುಂಕುಮ, ಕೈಗೆ ಹಸಿರು ಗಾಜಿನ ಬಳೆ. ಆ ಬಳೆಗಳನ್ನು ನೋಡಿ ನಾನು ಕಲಿತು ಹೋಗಿದ್ದ ಮಾತೆಲ್ಲ ಮರೆತುಹೋಯಿತು.

"ಯಾರವ್ವಾ ನೀನು?"

ಕೊಟ್ಟೂರಿನ ಗ್ಯಾರೇಜಿನ ಸಾಬರ ಮೊಮ್ಮಗಳು ಎಂದೆ. ಅವರು ಮೊರವನ್ನು ಕೆಳಗಿಟ್ಟರು.

"ಅಂವ ಅದಾನ?"

"ಅದಾರಮ್ಮಾ."

"ಏನು ಹೇಳಿ ಕಳಿಸ್ಯಾನ?"

ಏನೂ ಹೇಳಿ ಕಳಿಸಿಲ್ಲ, ನಾನಾಗಿ ಬಂದೆ ಎಂದೆ. ಶಾಲೆಯ ವಿಷಯ, ಹಾಡಿನ ವಿಷಯ ಹೇಳಿದೆ. ಅವರು ನಕ್ಕರು. ನಗು ಕೆಟ್ಟದ್ದೂ ಅಲ್ಲ, ಒಳ್ಳೆಯದ್ದೂ ಅಲ್ಲ.

"ನೀವು ಹಾಡು ಅಂತೀರಿ. ನನಗದು ಹಾಡಲ್ಲ. ನಿಮ್ಮಜ್ಜ ಆವತ್ತು ಇಲ್ಲೇ ಈ ಕಂಬದ ಹಂತೇಲಿ ಕುಂತು ಹಾಡಿದ. ನಾ ಒಳಗ ಬಾಗಲ ಸಂದಿಯಾಗ ನಿಂತಿದ್ದೆ. ಮೂವರು ಅಂದಾಗ ನಮ್ಮತ್ತಿ ಅತ್ತಳು, ನಕ್ಕಳು, ಅವನ ಕೈ ಹಿಡಕಂಡಳು. ನಾ ಅವನ ಮಾರಿ ನೋಡಿದೆ. ಅಂವ ನೆಲ ನೋಡತಿದ್ದ."

"ಆಗಲೇ ಗೊತ್ತಾತೇನಮ್ಮಾ ನಿಮಗ?"

"ಒಂದಿನ ಗೊತ್ತಾಗತಿತ್ತು, ಒಂದಿನ ಇಲ್ಲ. ಬೆಳಗಾದರ ಸತ್ತಾನ ಅನ್ನಸತಿತ್ತು. ಸಂಜಿ ಮುಂದ ಬಸ್ಸಿನ ಸಪ್ಪಳ ಆದರ ಬಂದನೇನೋ ಅನ್ನಸತಿತ್ತು."

ಮದುವೆಯಾದ ವರ್ಷವೇ ಗಂಡ ದಂಡಿಗೆ ಹೋಗಿದ್ದ. ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಗಂಡ ಸತ್ತವಳಿಗೆ ಉಡಿಕಿ ಮಾಡುವುದು, ಅಂದರೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು, ಅವರ ಮಂದಿಯಲ್ಲಿ ರೂಢಿ. ಹಿರೇಹಡಗಲಿಯಿಂದ ಒಬ್ಬ ಕೇಳಲು ಬಂದಿದ್ದ. ಹೆಂಡತಿ ತೀರಿದ್ದಳು, ಎರಡು ಸಣ್ಣ ಮಕ್ಕಳಿದ್ದವು. ಹಿರಿಯರು ಒಪ್ಪಲಿಲ್ಲ. ಗಂಡ ಇದ್ದಾನೆಂದು ಒಬ್ಬ ಹಾಡುತ್ತಾನೆ, ಸತ್ತನೆಂದು ಇನ್ನೊಬ್ಬ ಹೇಳುತ್ತಾನೆ, ಇದ್ದವನ ಹೆಂಡತಿಗೆ ಉಡಿಕಿ ಹೇಗೆ ಮಾಡುವುದು ಎಂದರು. ಅತ್ತೆ ಬದುಕಿದ್ದಷ್ಟು ದಿನ ಸೊಸೆಯ ಕೈಗೆ ಹೊಸ ಬಳೆ ಇಡಿಸುತ್ತಿದ್ದಳು. ಅತ್ತೆ ಹೋಗುವ ಹೊತ್ತಿಗೆ ಇವರ ತಲೆಯೂ ನರೆತಿತ್ತು.

"ನಿಮ್ಮಜ್ಜ ಕೆಟ್ಟಾಂವ ಅಲ್ಲವ್ವಾ. ಒಂದು ಮಾತು ಹಾಡಿ ಹೋದ. ಅದನ್ನ ನಾ ಹೊತಗಂಡು ಕುಂತೆ."

ಮನೆಗೆ ಬಂದವಳು ಎಲ್ಲವನ್ನೂ ದಾದಾಗೆ ಹೇಳಿದೆ. ಉಡಿಕಿಯ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿ ಕೇಳಿದರು.

"ಆತನ ತಾಯಿ ನೀರು ಕೊಟ್ಟಳು ಬೇಟಿ," ಎಂದರು. "ನನ್ನ ಮಗ ಕಟ್ಟಿದ್ದನ್ನ ಹಾಡಪ್ಪಾ ಅಂದಳು. ಅದನ್ನ ಹಾಡಿ, ಆಮ್ಯಾಲೆ ಹೇಳಾಣ ಅಂದಕಂಡಿದ್ದೆ. ಬಾಯಿಗೆ ರೂಢಿ ಇದ್ದದ್ದೇ ಬಂತು. 'ಹಂಗಾರ ನನ್ನ ಮಗ ಹಿಂದ ಬರಾಕತ್ಯಾನ' ಅಂತ ಆಕಿ ಅಂದಾಗ ನಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹಿರೇರ ಮುಂದ ನಿಂತಾಗ ಆಕಿ ಅಲ್ಲೇ ಕುಂತು ನನ್ನ ಬಾಯಿನ್ನೇ ನೋಡತಿದ್ದಳು."

ಮರುದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಪೈಜಾಮ ಹಾಕಿಕೊಂಡು ಟೋಪಿ ಇಟ್ಟು ಕೂತಿದ್ದರು. "ಶಾಲಿಗೆ ರಜಾ ಹಾಕು. ಇಟ್ಟಿಗಿಗೆ ಹೋಗಾಣ" ಎಂದರು.

ಬಸ್ಸಿನಿಂದ ಇಳಿದ ಮೇಲೆ ನನ್ನ ಭುಜ ಹಿಡಿದು ನಡೆದರು. ಮನೆ ಯಾವುದೆಂದು ನಾನು ತೋರಿಸಬೇಕಾಗಲಿಲ್ಲ. ಆ ತಾಯಿ ಅವರನ್ನು ನೋಡಿ ಸೆರಗು ತಲೆಗೆ ಎಳೆದುಕೊಂಡರು. "ಬಾ ಸಾಬಣ್ಣ, ಕುಂದ್ರು" ಎಂದರು, ನಿನ್ನೆ ಮೊನ್ನೆ ಬಂದು ಹೋದವನನ್ನು ಕರೆದಂತೆ.

ದಾದಾ ಕೂರಲಿಲ್ಲ. ನಿಂತೇ ಹೇಳಿದರು: "ತಂಗೀ, ನಿನ್ನ ಗಂಡ ಸತ್ತ. ಬರ್ಮಾದ ಬೆಟ್ಟದ ಮ್ಯಾಲ ಸತ್ತ. ನಾನ ಮಣ್ಣು ಹಾಕೀನಿ. ಆವತ್ತ ಹೇಳಬೇಕಾಗಿತ್ತು."

ಒಳಗಿನಿಂದ ಬಂದ ಸೊಸೆ, ಮೈದುನನ ಮಗನ ಹೆಂಡತಿ, ಬಾಗಿಲಲ್ಲೇ ನಿಂತಳು.

"ಹೆಂಗ ಸತ್ತ?" ಎಂದರು ಆ ತಾಯಿ.

"ಜ್ವರ. ವಾಂತಿ. ಇಬ್ಬರೂ ಪಾಳಿ ಮ್ಯಾಲೆ ಹೊತಗಂಡು ನಡದ್ವಿ. ಸಂಜಿ ಮುಂದ ಹೋದ."

"ಏನಾರ ಉಂಡಿದ್ದನ?"

"ಇಲ್ಲ ತಂಗೀ. ಅನ್ನ ಇರಲಿಲ್ಲ. ಎಳಿ ಬಿದಿರು ಕುದಿಸಿ ಬಾಯಿಗೆ ಇಟ್ವಿ. ಒಳಗ ಇಳೀಲಿಲ್ಲ."

"ಏನಾರ ಅಂದನ?"

ದಾದಾ ಗೋಡೆಗೆ ಕೈ ಊರಿದರು.

"ಇಟ್ಟಿಗಿ ಬಂತೇನಲೇ ಅಂದ. ಬಂತು ಅಂದೆ."

ಆಕೆ ಕಂಬಕ್ಕೆ ಒರಗಿದರು. "ಅವಗೂ ಸುಳ್ಳು ಹೇಳಿದಿ. ನಮಗೂ ಸುಳ್ಳು ಹೇಳಿದಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸತ್ತ ಮನೆಯಲ್ಲಿ ಹಾಡಿ ಹೇಳಿ ಅಳುತ್ತಾರಲ್ಲ, ಹಾಗಲ್ಲ. ಸದ್ದೇ ಇಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ದಾದಾ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತರು. ಸೊಸೆ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಆಗಸ್ಟ್ ಹದಿನೈದಕ್ಕೆ ನಮ್ಮ ಶಾಲೆಯ ಮಕ್ಕಳು "ಗೆದ್ದವರು" ಎಂದೇ ಹಾಡಿದರು. ಹೆಡ್ಮಾಸ್ತರು ಕೇಳಿದಾಗ ನಾನು, "ಎರಡೂ ಬ್ಯಾಡ್ರಿ ಸರ್, ಡ್ರಿಲ್ ಮಾಸ್ತರು ಹೇಳಿದಂಗ ಮಾಡ್ರಿ" ಎಂದಿದ್ದೆ. ಮೂವರು ಎಂದು ಹಾಡಿಸಲು ಬಾಯಿ ಬರಲಿಲ್ಲ. ಇಬ್ಬರು ಎಂದು ಅಷ್ಟು ಮಕ್ಕಳ ಬಾಯಲ್ಲಿ ಕೇಳುವ ಶಕ್ತಿಯೂ ಇರಲಿಲ್ಲ. ಮಕ್ಕಳು ಚೆನ್ನಾಗಿ ಹಾಡಿದರು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಈಗಲೂ ಆ ಕಡೆಯ ಶಾಲೆಗಳಲ್ಲಿ ಹೆಚ್ಚಾಗಿ ಕೇಳುವುದು ಆ ಪದವೇ.

ಅದಾದ ಸ್ವಲ್ಪ ದಿನಕ್ಕೆ ಇಟ್ಟಿಗಿಯಿಂದ ಹೇಳಿ ಕಳಿಸಿದರು. ಆ ತಾಯಿ ಗಂಡನ ದಿನ ಮಾಡುತ್ತಿದ್ದರು. ಬದುಕಿದವರ ಸಾಲಿನಲ್ಲೇ ಅಷ್ಟು ವರ್ಷ ಉಳಿದವನಿಗೆ ಅಂದು ಮೊದಲ ಸಲ ಎಡೆ. ನಾವು ಹೋದಾಗ ಅವರ ಹಣೆ, ಕೈ ಬರಿದಾಗಿದ್ದವು. ಬಳೆಯನ್ನು ಯಾರೂ ಒಡೆಯಲಿಲ್ಲವಂತೆ. ತಾವೇ ಹೊಲಕ್ಕೆ ಹೋಗಿ, ಬದುವಿನ ಮೇಲೆ ಕೂತು, ತೆಗೆದಿಟ್ಟು ಬಂದರಂತೆ.

ಹೊಳಲಿನ ಮುದುಕರೂ ಬಂದಿದ್ದರು, ಮಗನ ಟ್ರ್ಯಾಕ್ಟರಿನಲ್ಲಿ. ಊಟಕ್ಕೆ ಪಂಕ್ತಿ ಕೂತಾಗ ಯಾರೋ ಇಬ್ಬರನ್ನೂ ಪಕ್ಕಪಕ್ಕಕ್ಕೆ ಕೂರಿಸಿದರು. ದಾದಾ ಗೋಧಿ ಹುಗ್ಗಿಯನ್ನು ಬೆರಳಲ್ಲಿ ಕಲಸುತ್ತ, ಎಲೆಯನ್ನೇ ನೋಡುತ್ತ, "ಹೇಳೀನಲೇ" ಎಂದರು.

"ಕೇಳೀನಿ," ಎಂದರು ಅವರು. "ಈಗ ಹೇಳಿ ಏನು ಬಂತು? ಆಕಿ ಮುದುಕಿ ಆದಳು."

ಇಬ್ಬರೂ ಉಂಡು ಎದ್ದರು. ಕೈ ತೊಳೆಯುವಲ್ಲಿ ಹೊಳಲಿನವರ ಕೋಲು ಜಾರಿ ಬಿತ್ತು. ದಾದಾ ಬಗ್ಗಿ ಎತ್ತಿ ಕೊಟ್ಟರು. ಅವರು ತೆಗೆದುಕೊಂಡು, ಒಂದು ಕ್ಷಣ ನಿಂತು, ಟ್ರ್ಯಾಕ್ಟರಿನ ಕಡೆಗೆ ನಡೆದರು. ಆಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆ ಚಳಿಗಾಲದಲ್ಲಿ ಹೊಳಲಿನವರು ತೀರಿಕೊಂಡರು. ಮರುವರ್ಷ ಮಳೆಗಾಲಕ್ಕೆ ಮುಂಚೆ ದಾದಾ ಹೋದರು. ಇಟ್ಟಿಗಿಯಿಂದ ಬಂದ ಮೇಲೆ ಅವರು ಹಾಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಆ ತಾಯಿ ಇನ್ನೂ ಕೆಲವು ವರ್ಷ ಇದ್ದರು. ನಾನು ಆಗಾಗ ಹೋಗುತ್ತಿದ್ದೆ. ಒಮ್ಮೆ ಕಣ್ಣು ತೋರಿಸಲು ಅವರನ್ನು ಹಡಗಲಿಯ ಆಸ್ಪತ್ರೆಗೆ ಕರೆದೊಯ್ದೆ. ಹೊರಗೆ ಬಸ್ಸಿಗೆ ಕಾಯುವಾಗ, "ಹಿರೇಹಡಗಲಿ ಯಾವ ಕಡಿ ಬರತೈತವ್ವಾ?" ಎಂದು ಕೇಳಿದರು. ಎಂದೂ ಆ ಊರು ನೋಡಿರಲಿಲ್ಲವಂತೆ. ನಾನು ರಸ್ತೆ ತೋರಿಸಿದೆ. ಪಟ್ಟಿ ಕಟ್ಟಿದ ಕಣ್ಣನ್ನು ಅತ್ತ ತಿರುಗಿಸಿ ಸ್ವಲ್ಪ ಹೊತ್ತು ನಿಂತರು.

"ಹೋಗಿ ಬರೋಣೇನಮ್ಮಾ? ಬಸ್ ಅದಾವ."

"ಯಾರು ಅದಾರ ಅಲ್ಲಿ, ಬಿಡು" ಎಂದರು.

ಅವರು ತೀರಿದ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಮೂರನೇ ದಿನ ಹೋದೆ. ಮೈದುನನ ಮಗ ಹೊಲಕ್ಕೆ ಕರೆದುಕೊಂಡು ಹೋಗಿ ಜಾಗ ತೋರಿಸಿದ. ಮುತ್ತೈದೆಯಂತೆ ಒಯ್ಯಬೇಕೋ ಬೇಡವೋ ಎಂದು ಕೆಲವು ಹೆಂಗಸರು ಮತ್ತೆ ಮಾತು ತೆಗೆದಿದ್ದರಂತೆ. ಅಷ್ಟು ವರ್ಷ ಬಳೆ ತೊಟ್ಟವಳಲ್ಲವೇ ಎಂದು. ಅವನ ಹೆಂಡತಿ, ಅಂದು ಮಜ್ಜಿಗೆ ತಂದಿಟ್ಟ ಆ ಸೊಸೆ, "ದೊಡ್ಡವ್ವ ಜೀವ ಇದ್ದಾಗ ತಾನ ತೆಗದಿಟ್ಟಾಳ. ಮತ್ತ ಇಡಬ್ಯಾಡ್ರಿ" ಎಂದಳಂತೆ. ಯಾರೂ ಎದುರು ಮಾತಾಡಲಿಲ್ಲ.

ಮಣ್ಣು ಇನ್ನೂ ಹಸಿಯಾಗಿತ್ತು. ಸುತ್ತ ಜೋಳ ಮೊಣಕಾಲುದ್ದ ಬಂದಿತ್ತು. ನಾನು ಸ್ವಲ್ಪ ಹೊತ್ತು ಅಲ್ಲಿ ಕೂತಿದ್ದೆ. ಆಮೇಲೆ ಸೊಸೆ ಊಟಕ್ಕೆ ಕರೆದಳೆಂದು ಮನೆಗೆ ಹೋಗಿ, ಉಂಡು, ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಬಂದೆ.